ಪೊಲೀಸ್ ಸರ್ಟಿಫಿಕೇಟ್ ಇಲ್ಲವೆಂದು ವೀಸಾ ತಿರಸ್ಕಾರವಾಯಿತೇ? ಅಪೀಲಿಗೆ ಮೊದಲು ಮಾಡಬೇಕಾದದ್ದು

"ವೀಸಾ ರಿಜೆಕ್ಟ್ ಆಯ್ತು. ಪೊಲೀಸ್ ಸರ್ಟಿಫಿಕೇಟ್ ಇಲ್ಲ ಅಂತ ಬರೆದಿದ್ದಾರೆ. ಅಪೀಲು ಹಾಕಬಹುದಾ?" ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಊರಿನವರ ಫೈಲು ಸ್ವಲ್ಪ ಬೇರೆ ಥರದ್ದು. ಓದಿದ್ದು ಮಂಗಳೂರು ಅಥವಾ ದೇರಳಕಟ್ಟೆಯಲ್ಲಿ, ಮೊದಲ ಕೆಲಸ ಬೆಂಗಳೂರಿನಲ್ಲಿ, ಆಮೇಲೆ ನಾಲ್ಕೈದು ವರ್ಷ ಗಲ್ಫಿನಲ್ಲಿ. ಈಗ ಹೊರಟಿರುವುದು ಕೆನಡಾಕ್ಕೋ ಬ್ರಿಟನ್ನಿಗೋ ಆಸ್ಟ್ರೇಲಿಯಾಕ್ಕೋ. ಪಾಸ್‌ಪೋರ್ಟಿನ ವಿಳಾಸ ಮಾತ್ರ ಕೇರಳದ್ದು. ಹೀಗಿರುವಾಗ ಯಾವ ಪೊಲೀಸರ ಕಾಗದ ಬೇಕು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ.

ಮೊದಲು ಎರಡು ಶಬ್ದ. ಪಿಸಿಸಿ ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ನಿಮ್ಮ ಮೇಲೆ ಪೊಲೀಸ್ ದಾಖಲೆಯಲ್ಲಿ ತಕರಾರು ಏನೂ ಇಲ್ಲ ಎಂದು ಹೇಳುವ ಕಾಗದ. ಅಪೀಲು ಅಥವಾ ಮೇಲ್ಮನವಿ ಅಂದರೆ ಒಂದು ತೀರ್ಮಾನ ತಪ್ಪು ಎಂದು ಮೇಲಿನವರಲ್ಲಿ ಹೇಳುವುದು. ಈ ಎರಡನೆಯ ಅರ್ಥವನ್ನು ಚೆನ್ನಾಗಿ ನೆನಪಿಡಿ. ಬಿಟ್ಟುಹೋದ ಕಾಗದವನ್ನು ಈಗ ಸೇರಿಸುವುದಕ್ಕೆ ಅಪೀಲು ಅಂತ ಹೇಳುವುದಿಲ್ಲ.

ಹಂತ 1: ಬಂದ ಪತ್ರ ಯಾವ ಥರದ್ದು ಎಂದು ನೋಡಿ

ಪತ್ರ ತೆರೆದು ನಿಧಾನವಾಗಿ ಪೂರ್ತಿ ಓದಿ. ಇಂಗ್ಲಿಷ್ ಕಷ್ಟವಾದರೆ ಗೊತ್ತಿದ್ದವರ ಹತ್ತಿರ ಸಾಲು ಸಾಲಾಗಿ ಓದಿಸಿ. ಏಜೆಂಟ್ "ರಿಜೆಕ್ಟ್" ಎಂದ ಮಾತ್ರಕ್ಕೆ ಅದು ರಿಜೆಕ್ಟ್ ಆಗಿರಬೇಕೆಂದಿಲ್ಲ.

ಕೆಲವೊಮ್ಮೆ ಅದು ಬರೀ ತಡೆ. ಅಮೆರಿಕದ ವಲಸೆ ವೀಸಾ ಸಂದರ್ಶನದಲ್ಲಿ ಪೊಲೀಸ್ ಸರ್ಟಿಫಿಕೇಟ್ ಇಲ್ಲದಿದ್ದರೆ ಸೆಕ್ಷನ್ 221(ಜಿ) ಎಂದು ಬರೆದ ಕಾಗದ ಕೊಡುತ್ತಾರೆ. ಹೆಸರಿಗೆ ಅದು ನಿರಾಕರಣೆಯೇ. ಆದರೆ ಕೇಳಿದ ಕಾಗದ ಕೊಟ್ಟರೆ ಅದೇ ಫೈಲು ಮುಂದೆ ಹೋಗುತ್ತದೆ. 1 ವರ್ಷದ ಒಳಗೆ ಕೊಡಬೇಕು. ಆ ಅವಧಿ ದಾಟಿದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ಇಲ್ಲಿ ಅಪೀಲಿನ ಮಾತೇ ಬರುವುದಿಲ್ಲ.

ಕೆಲವೊಮ್ಮೆ ಅರ್ಜಿಯನ್ನು ನೋಡದೆಯೇ ವಾಪಸು ಕಳಿಸಿರುತ್ತಾರೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ನುರಿತ ಕೆಲಸಗಾರರನ್ನು ಆರಿಸಿ ಕಾಯಂ ವಾಸದ ಅರ್ಜಿಗೆ ಆಹ್ವಾನಿಸುವ ವ್ಯವಸ್ಥೆಯಲ್ಲಿ, ಬೇಕಾದ ಕಾಗದ ಇಲ್ಲದಿದ್ದರೆ "ಅಪೂರ್ಣ" ಎಂದು ತಿರುಗಿ ಬರುತ್ತದೆ. ಅದು ನಿಮ್ಮ ಮೇಲೆ ಕೊಟ್ಟ ತೀರ್ಪಲ್ಲ. ಆದರೆ ಆಹ್ವಾನ ಬಂದ ಮೇಲೆ ಅರ್ಜಿ ಹಾಕಲು ಅಲ್ಲಿ ಸಿಗುವುದು 60 ದಿನ ಮಾತ್ರ. ಅದು ಮುಗಿದಿದ್ದರೆ ಮತ್ತೆ ಆಹ್ವಾನಕ್ಕೆ ಕಾಯಬೇಕಾಗುತ್ತದೆ.

ಮೂರನೆಯದು ನಿಜವಾದ ತಿರಸ್ಕಾರ. ಅರ್ಜಿ ನೋಡಿ, ಕಾರಣ ಬರೆದು, ಇಲ್ಲ ಎಂದಿರುತ್ತಾರೆ. ಮುಂದೆ ಯಾವ ದಾರಿ ಇದೆ, ಎಷ್ಟು ದಿನದೊಳಗೆ ಎಂಬುದು ಅದೇ ಪತ್ರದ ಕೊನೆಯಲ್ಲಿ ಇರುತ್ತದೆ. ದಾರಿಯೇ ಇಲ್ಲ ಎಂದೂ ಬರೆದಿರಬಹುದು.

ಪತ್ರ ಕೈಗೆ ಬಂದ ತಾರೀಖನ್ನು ಈಗಲೇ ಬರೆದಿಡಿ. ಏಜೆಂಟರ ಇಮೇಲಿಗೆ ಬಂದಿದ್ದರೆ ಆ ಮೂಲ ಇಮೇಲನ್ನೇ ಕಳಿಸಲು ಹೇಳಿ. ವಾಟ್ಸಾಪ್‌ನಲ್ಲಿ ಬಂದ ಅರ್ಧ ಪುಟದ ಫೋಟೋ ಸಾಲದು. ತಾರೀಖು, ಮುಂದಿನ ದಾರಿ, ಸೆಕ್ಷನ್ ಎಲ್ಲ ಆ ಬಿಟ್ಟುಹೋದ ಪುಟದಲ್ಲೇ ಇರುತ್ತವೆ.

ಹಂತ 2: ನೀವು ಕೊಡಲಿಲ್ಲವೋ, ಅವರು ನೋಡಲಿಲ್ಲವೋ?

ಇಡೀ ವಿಷಯ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಅರ್ಜಿಯ ಜೊತೆ ಏನೇನು ಅಪ್‌ಲೋಡ್ ಆಗಿದೆ ಎಂದು ಖಾತೆಗೆ ಲಾಗಿನ್ ಆಗಿ ನೀವೇ ನೋಡಿ. ಲಾಗಿನ್ ಏಜೆಂಟರ ಹತ್ತಿರ ಇದ್ದರೆ ಕೇಳಿ ತೆಗೆದುಕೊಳ್ಳಿ. ಅದು ನಿಮ್ಮ ಅರ್ಜಿ, ನಿಮ್ಮ ಹಕ್ಕು.

ಸರಿಯಾದ ಪಿಸಿಸಿ ಅಪ್‌ಲೋಡ್ ಆಗಿತ್ತು, ಅಧಿಕಾರಿ ಗಮನಿಸಲಿಲ್ಲ ಎಂದಾದರೆ ನಿಮ್ಮ ಅಪೀಲಿಗೆ ಬಲ ಇದೆ. ಅಪ್‌ಲೋಡ್ ಆದ ದಿನ ತೋರಿಸುವ ಸ್ಕ್ರೀನ್‌ಶಾಟ್ ಕೂಡಲೇ ತೆಗೆದಿಡಿ.

ಪಿಸಿಸಿ ಕೊಟ್ಟೇ ಇಲ್ಲ ಎಂದಾದರೆ ಅಧಿಕಾರಿಯ ತೀರ್ಮಾನ ನಿಯಮದ ಪ್ರಕಾರ ಸರಿಯೇ. ಎಷ್ಟು ಚೆನ್ನಾಗಿ ಅಪೀಲು ಬರೆದರೂ ಆ ತೀರ್ಮಾನ ತಪ್ಪಾಗುವುದಿಲ್ಲ. ಇನ್ನು ಕೊಟ್ಟಿದ್ದೀರಿ, ಆದರೆ ತಪ್ಪು ಕಾಗದ ಎಂದಾದರೆ? ನಮ್ಮಲ್ಲಿ ಜಾಸ್ತಿ ಆಗುವುದು ಇದೇ. ಅದನ್ನು 4ನೇ ಹಂತದಲ್ಲಿ ನೋಡೋಣ.

ಇನ್ನೊಂದು ಸಾಧ್ಯತೆಯೂ ಇದೆ. ಅಧಿಕಾರಿ ಕಾಗದ ಕೇಳಿ ಇಮೇಲ್ ಕಳಿಸಿದ್ದರು, ಅದು ಏಜೆಂಟರ ಇನ್‌ಬಾಕ್ಸಿನಲ್ಲೇ ಉಳಿಯಿತು. ಮನಸ್ಸಿಗೆ ತುಂಬಾ ನೋವಾಗುವ ಸಂಗತಿ ಇದು, ಆದರೆ ವೀಸಾ ಕಚೇರಿ ಇದನ್ನು ತನ್ನ ತಪ್ಪೆಂದು ಒಪ್ಪುವುದಿಲ್ಲ. ನೀವು ನೇಮಿಸಿದವರಿಗೆ ಹೇಳಿದರೆ ನಿಮಗೆ ಹೇಳಿದಂತೆಯೇ ಅವರ ಲೆಕ್ಕ.

ಹಂತ 3: ಯಾವ ಯಾವ ದೇಶದ ಪಿಸಿಸಿ ಬೇಕಿತ್ತು?

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ 10 ವರ್ಷದಲ್ಲಿ ಎಲ್ಲೆಲ್ಲಿ ಇದ್ದಿರಿ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆಯಿರಿ. ನೆನಪಿನಿಂದ ಬರೆಯಬೇಡಿ. ಹಳೆಯ ಪಾಸ್‌ಪೋರ್ಟಿನ ಎಂಟ್ರಿ, ಎಕ್ಸಿಟ್ ಮುದ್ರೆ ನೋಡಿ ಬರೆಯಿರಿ.

ಈಗ ಆಯಾ ದೇಶದ ನಿಯಮಕ್ಕೆ ಹೊಂದಿಸಿ. ಕೆನಡಾದ ಕಾಯಂ ವಾಸದ ಅರ್ಜಿಗೆ, ಕಳೆದ 10 ವರ್ಷದಲ್ಲಿ ಒಂದೇ ಸಮನೆ 6 ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದ ಸರ್ಟಿಫಿಕೇಟ್ ಬೇಕು, 18 ವರ್ಷ ತುಂಬಿದ ನಂತರದ ಲೆಕ್ಕ. ಆಸ್ಟ್ರೇಲಿಯಾ ಬಿಡಿಬಿಡಿಯಾಗಿ ಇದ್ದ ದಿನಗಳನ್ನೂ ಕೂಡಿಸುತ್ತದೆ. ಒಟ್ಟು 12 ತಿಂಗಳು ದಾಟಿದರೆ ಬೇಕು, 16 ವರ್ಷದಿಂದ ಲೆಕ್ಕ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಎಲ್ಲರಿಗೂ ಬೇಡ. ಆಸ್ಪತ್ರೆ, ಶಾಲೆ, ಸಮಾಜ ಸೇವೆಯಂಥ ಕೆಲಸಕ್ಕೆ ಹೋಗುವವರಿಗೆ ಬೇಕು. ಹಾಗಾಗಿ ನಮ್ಮ ನರ್ಸ್‌ಗಳು ಇದರಲ್ಲಿ ಬರುತ್ತಾರೆ. ಅಲ್ಲಿಯೂ 10 ವರ್ಷದಲ್ಲಿ 12 ತಿಂಗಳು ಇದ್ದ ದೇಶ, 18 ವರ್ಷದ ನಂತರ.

ಒಂದು ಉದಾಹರಣೆ ಇಟ್ಟುಕೊಳ್ಳಿ. ನೀರ್ಚಾಲಿನ ಒಬ್ಬರು 2 ವರ್ಷ ಶಾರ್ಜಾದಲ್ಲಿ, ಆಮೇಲೆ 8 ತಿಂಗಳು ದೋಹಾದಲ್ಲಿ ಇದ್ದರು. ಕೆನಡಾಕ್ಕೆ ಭಾರತ, ಯುಎಇ, ಕತಾರ್ ಮೂರರದ್ದೂ ಬೇಕು. ಆಸ್ಟ್ರೇಲಿಯಾಕ್ಕೆ ಕತಾರಿನದ್ದು ಬೇಡ. "ಅಲ್ಲಿ ಸ್ವಲ್ಪ ಸಮಯ ಮಾತ್ರ ಇದ್ದದ್ದು" ಎಂದು ನಾವೇ ತೀರ್ಮಾನಿಸಿ ಬಿಟ್ಟುಬಿಡುವ ದೇಶವೇ ಕೊನೆಗೆ ತಿರಸ್ಕಾರದ ಕಾರಣವಾಗುತ್ತದೆ.

ಜೊತೆಗೆ ಬರುವ ಗಂಡ ಅಥವಾ ಹೆಂಡತಿಯ ಲೆಕ್ಕವನ್ನು ಬೇರೆಯಾಗಿ ಮಾಡಿ. ಅವರು ಫ್ಯಾಮಿಲಿ ವೀಸಾದಲ್ಲಿ ಗಲ್ಫಿನಲ್ಲಿ ಇದ್ದಿದ್ದರೆ ಅವರಿಗೂ ಅಲ್ಲಿನ ಕಾಗದ ಬೇಕಾಗಬಹುದು.

ಹಂತ 4: ಭಾರತದ ಪಿಸಿಸಿ

ಠಾಣೆಗೆ ಹೋಗಬೇಡಿ. ಅಥವಾ ಠಾಣೆಗೆ ಹೋಗಿ ತಂದ ಕಾಗದ ಇದ್ದರೆ, ಅದೇ ನಿಮ್ಮ ತೊಂದರೆಯ ಮೂಲ ಎಂದು ತಿಳಿಯಿರಿ.

ಕೇರಳ ಪೊಲೀಸರು ತುಣ ಪೋರ್ಟಲ್ ಮತ್ತು ಪೋಲ್ ಆಪ್ ಮೂಲಕ ಕೊಡುವುದು ಅಪರಾಧಗಳಲ್ಲಿ ಭಾಗಿಯಾಗಿಲ್ಲ ಎಂಬ ಸರ್ಟಿಫಿಕೇಟ್. ಕರ್ನಾಟಕದಲ್ಲಿ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನೆಯ ಕಾಗದ ಸಿಗುತ್ತದೆ. ಇಲ್ಲಿನ ಕೆಲಸಗಳಿಗೆ ಎರಡೂ ಉಪಯೋಗಕ್ಕೆ ಬರುತ್ತವೆ. ಆದರೆ ವಿದೇಶದ ವೀಸಾಕ್ಕೆ ಬೇಕಾದ ಪಿಸಿಸಿ ಕೊಡುವುದು ಕೇಂದ್ರ ಸರಕಾರದ ಪಾಸ್‌ಪೋರ್ಟ್ ಕಚೇರಿ. ಮಂಗಳೂರಿನಲ್ಲಿ ಓದಿದ್ದಕ್ಕೆ ಒಂದು, ಕಾಸರಗೋಡಿಗೆ ಇನ್ನೊಂದು ಎಂದೂ ಬೇಡ. ಇಡೀ ಭಾರತಕ್ಕೆ ಒಂದೇ.

ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿ. ವಿಳಾಸ ಗವ್ ಡಾಟ್ ಇನ್ ಎಂದು ಕೊನೆಯಾಗಬೇಕು. ಅದೇ ಹೆಸರಿನ ನಕಲಿ ತಾಣಗಳಿವೆ, ಅವು ಹೆಚ್ಚು ಹಣ ಕೇಳುತ್ತವೆ. ಶುಲ್ಕ 500 ರೂಪಾಯಿ. ಅಕ್ಷಯ ಕೇಂದ್ರದಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಮಾಡಿಸುವುದಾದರೂ ಸರಿ, ಆದರೆ ನಿಮ್ಮದೇ ಇಮೇಲ್ ಮತ್ತು ಫೋನ್ ನಂಬರ್ ಹಾಕಲು ಹೇಳಿ. ಕೇಂದ್ರದವರ ಇಮೇಲ್ ಹಾಕಿದರೆ ಮುಂದೆ ಬರುವ ಸೂಚನೆಗಳೆಲ್ಲ ಅವರಿಗೇ ಹೋಗುತ್ತವೆ.

ಕಾಸರಗೋಡು ಜಿಲ್ಲೆ ಕೋಯಿಕ್ಕೋಡು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ಕೆಳಗೆ ಬರುತ್ತದೆ. ಪಯ್ಯನ್ನೂರಿನಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಕಾಸರಗೋಡಿನಲ್ಲಿ ಅಂಚೆ ಕಚೇರಿಯ ಕೇಂದ್ರ ಇದೆ. 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಯ ಕೇಂದ್ರಗಳಲ್ಲೂ ಪಿಸಿಸಿ ಅರ್ಜಿ ತೆಗೆದುಕೊಳ್ಳುವ ವ್ಯವಸ್ಥೆ ಬಂದಿದೆ. ಹಾಗಾಗಿ ಎಲ್ಲಿ ಬೇಗ ದಿನ ಸಿಗುತ್ತದೋ ನೋಡಿ. ಮಂಜೇಶ್ವರದವರಿಗೆ ಮಂಗಳೂರು ಹತ್ತಿರ, ನಿಜ. ಆದರೆ ಅದು ಬೆಂಗಳೂರು ಪ್ರಾದೇಶಿಕ ಕಚೇರಿಗೆ ಸೇರಿದ್ದು. ಈಗ ವಾಸ ಇರುವ ವಿಳಾಸ ಕರ್ನಾಟಕದ್ದಾದರೆ ಮಾತ್ರ ಅಲ್ಲಿ ಹಾಕಿ.

ಅಸಲಿ ಪಾಸ್‌ಪೋರ್ಟ್, ಅದರ ಮೊದಲ ಮತ್ತು ಕೊನೆಯ ಎರಡೆರಡು ಪುಟದ ನಕಲು, ಈಗಿನ ವಿಳಾಸದ ದಾಖಲೆ ತೆಗೆದುಕೊಂಡು ಹೋಗಿ. ಪಾಸ್‌ಪೋರ್ಟಿನಲ್ಲಿ ಇಸಿಆರ್ ಗುರುತು ಇದ್ದರೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರಕಾರದ ಒಪ್ಪಿಗೆ ಬೇಕು ಎಂಬ ಗುರುತು ಇದ್ದರೆ, ಕೆಲಸದ ಒಪ್ಪಂದದಂಥ ಕಾಗದಗಳನ್ನೂ ಕೇಳುತ್ತಾರೆ.

ಇನ್ನು ಎಡವುವ ಜಾಗಗಳು. ಇವನ್ನು ಬಿಡಿಸಿ ಹೇಳಲೇಬೇಕು.

ಪಿಸಿಸಿಯಲ್ಲಿ ಯಾವ ದೇಶಕ್ಕೆ ಎಂದು ಹೆಸರು ಬರೆದಿರುತ್ತದೆ. ಕುವೈತಿಗೆ ಹೋಗಲು ತೆಗೆದ ಪಿಸಿಸಿಯನ್ನು ಕೆನಡಾದ ಅರ್ಜಿಗೆ ಹಾಕಿದರೆ ನಡೆಯುವುದಿಲ್ಲ. ಹೊಸದು ತೆಗೆಯಿರಿ.

ಹಳೆಯದಾದರೂ ನಡೆಯುವುದಿಲ್ಲ. ನೀವು ಈಗ ಇರುವ ದೇಶದ ಪಿಸಿಸಿ ಕೆನಡಾದ ಅರ್ಜಿಗೆ ಹಿಂದಿನ 6 ತಿಂಗಳ ಒಳಗಿನದ್ದಾಗಿರಬೇಕು. ಆಸ್ಟ್ರೇಲಿಯಾ 12 ತಿಂಗಳವರೆಗೆ ಒಪ್ಪುತ್ತದೆ. ಬಿಟ್ಟುಬಂದ ದೇಶದ್ದಾದರೆ, ಅಲ್ಲಿಂದ ಕೊನೆಯ ಸಲ ಹೊರಟ ನಂತರ ತೆಗೆದದ್ದು ಕೆನಡಾಕ್ಕೆ ಬೇಕು. ಗಲ್ಫಿನಲ್ಲಿರುವಾಗಲೇ ಅಲ್ಲಿನ ಪಿಸಿಸಿ ತೆಗೆದು, ಮತ್ತೆ ಒಂದು ವರ್ಷ ಅಲ್ಲೇ ಕೆಲಸ ಮಾಡಿ ಬಂದಿದ್ದರೆ ಆ ಕಾಗದ ಸಾಲದು.

ಹೆಸರಿನ ತೊಂದರೆ ನಮ್ಮಲ್ಲಿ ತುಂಬಾ. ಶಾಲೆಯ ಸರ್ಟಿಫಿಕೇಟಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಮನೆ ಹೆಸರು, ಗಲ್ಫಿನ ಐಡಿಯಲ್ಲಿ ತಂದೆಯ ಹೆಸರು ಸೇರಿ ಮೂರು ಪದ. ನೋಡುವ ಅಧಿಕಾರಿಗೆ ಮೂವರು ಬೇರೆ ಬೇರೆ ಜನರಂತೆ ಕಾಣುತ್ತದೆ. ಊರಿನ ಹೆಸರೂ ಹಾಗೆಯೇ. ನಾವು ಮಂಜೇಶ್ವರ ಎಂದರೆ ಮಲಯಾಳದ ಕಾಗದದಲ್ಲಿ ಮಂಜೇಶ್ವರಂ. ಕುಂಬಳೆ, ಬದಿಯಡ್ಕ, ಕಾಸರಗೋಡು ಹೆಸರುಗಳ ಇಂಗ್ಲಿಷ್ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಎಲ್ಲ ಅರ್ಜಿಯಲ್ಲೂ ಬರೆಯಿರಿ. ಈಗಾಗಲೇ ಬೇರೆ ಆಗಿದ್ದರೆ, ಇವೆಲ್ಲ ಒಬ್ಬರದೇ ಹೆಸರು ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಡಿ.

ವಿಳಾಸ ಬದಲಾಗಿದ್ದರೆ ಪೊಲೀಸ್ ಪರಿಶೀಲನೆ ಹೊಸದಾಗಿ ಆಗುತ್ತದೆ. ವಿಚಾರಣೆಗೆ ಫೋನ್ ಬಂದಾಗ ಎತ್ತಿ. ಮನೆಯಲ್ಲಿ ಇರುವವರಿಗೂ ಹೇಳಿಡಿ. "ಅವ ಇಲ್ಲಿಲ್ಲ, ಬೆಂಗಳೂರಿನಲ್ಲಿದ್ದಾನೆ" ಎಂದು ಅಮ್ಮ ಹೇಳಿದ ಒಂದು ಮಾತಿನಿಂದ ಈ ವಿಳಾಸದಲ್ಲಿ ವಾಸವಿಲ್ಲ ಎಂಬ ವರದಿ ಹೋಗಬಹುದು.

ಕೇಸು ಇದ್ದರೆ ಮುಚ್ಚಿಡಬೇಡಿ. ಕಾಲೇಜಿನಲ್ಲಿರುವಾಗ ಮೆರವಣಿಗೆಗೆ ಹೋಗಿ ಕೇಸು ಬಿದ್ದವರು ನಮ್ಮಲ್ಲಿ ಇದ್ದಾರೆ. ಕೇಸು ಮುಗಿದಿದ್ದರೆ ತೀರ್ಪಿನ ದೃಢೀಕೃತ ಪ್ರತಿಯನ್ನು ಕೋರ್ಟಿನಿಂದ ತೆಗೆದು ಪಾಸ್‌ಪೋರ್ಟ್ ಕಚೇರಿಗೆ ಕೊಡಿ. ಖುಲಾಸೆಯಾದದ್ದು ಪೊಲೀಸ್ ದಾಖಲೆಯಲ್ಲಿ ಸೇರದೆ ಉಳಿದಿರಬಹುದು. ಕೇಸು ಇನ್ನೂ ನಡೆಯುತ್ತಿದ್ದರೆ ಮೊದಲು ವಕೀಲರನ್ನು ಕಾಣಿ.

ಹಂತ 5: ಗಲ್ಫಿನ ಪಿಸಿಸಿ, ಊರಲ್ಲಿ ಕುಳಿತು

ಇನ್ನೂ ಗಲ್ಫಿನಲ್ಲೇ ಇದ್ದೀರಾ? ಹಾಗಿದ್ದರೆ ಇದನ್ನು ಓದಿದ ಮೇಲೆ ಮೊದಲು ಮಾಡಬೇಕಾದ ಕೆಲಸ ಇದು. ಅಲ್ಲಿನ ಐಡಿ ಮತ್ತು ಫೋನ್ ನಂಬರ್ ಚಾಲ್ತಿಯಲ್ಲಿ ಇರುವಾಗ ಯುಎಇಯಲ್ಲಿ ಗೃಹ ಸಚಿವಾಲಯದ ಆಪ್ ಅಥವಾ ದುಬೈ ಪೊಲೀಸ್ ಆಪ್, ಕತಾರಿನಲ್ಲಿ ಮೆಟ್ರಾಶ್ ಆಪ್ ಮೂಲಕ ಅರ್ಜಿ ಹಾಕಬಹುದು. ವೀಸಾ ಕ್ಯಾನ್ಸಲ್ ಆಗಿ, ಸಿಮ್ ನಿಂತು, ಊರಿಗೆ ಬಂದ ಮೇಲೆ ಅದೇ ಕೆಲಸಕ್ಕೆ ಹತ್ತು ಕಡೆ ಓಡಬೇಕು.

ಊರಿಗೆ ಬಂದಾಗಿದ್ದರೆ ಸಾಮಾನ್ಯವಾಗಿ ಬೇಕಾಗುವುದು ಬೆರಳಚ್ಚಿನ ಕಾರ್ಡು, ಅಲ್ಲಿನ ವೀಸಾ ಪುಟ ಮತ್ತು ಐಡಿಯ ನಕಲು, ಪಾಸ್‌ಪೋರ್ಟಿನ ನಕಲು, ಫೋಟೋ. ಬೆರಳಚ್ಚಿಗೆ ಇಲ್ಲಿ ಯಾರ ಸಹಿ ಬೇಕು, ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಆ ದೇಶದ ಪೊಲೀಸ್ ಅಥವಾ ಗೃಹ ಇಲಾಖೆಯ ತಾಣ, ದೆಹಲಿಯ ಅವರ ರಾಯಭಾರ ಕಚೇರಿಯ ತಾಣ, ಎರಡನ್ನೂ ನೋಡಿದ ಮೇಲೆಯೇ ಬೆರಳಚ್ಚು ಕೊಡಿಸಿ. ಕೆನಡಾ ಮತ್ತು ಆಸ್ಟ್ರೇಲಿಯಾದ ವಲಸೆ ಇಲಾಖೆಗಳು ಪ್ರತಿ ದೇಶದಿಂದ ಯಾವ ಕಾಗದ ಒಪ್ಪುತ್ತೇವೆ ಎಂದು ತಮ್ಮ ತಾಣದಲ್ಲೇ ಹಾಕಿವೆ. ಅದರಲ್ಲಿರುವ ಹೆಸರಿನ ಕಾಗದವೇ ಬೇಕು.

ಅಲ್ಲಿ ನಂಬುವ ಅಣ್ಣನೋ ಭಾವನೋ ಇದ್ದರೆ ಅಧಿಕಾರ ಪತ್ರ ಕೊಟ್ಟು ಅವರ ಮೂಲಕ ಮಾಡಿಸುವ ದಾರಿ ಕೆಲವು ಕಡೆ ಇದೆ. ಕಾಗದ ಅರಬಿಯಲ್ಲಿ ಬಂದರೆ ಅಧಿಕೃತ ಅನುವಾದಕರಿಂದ ಇಂಗ್ಲಿಷಿಗೆ ಮಾಡಿಸಿ, ಅರಬಿ ಪ್ರತಿ ಮತ್ತು ಅನುವಾದ ಎರಡನ್ನೂ ಹಾಕಿ. ಬರೀ ಅನುವಾದ ಹಾಕಿದರೆ ಕಾಗದ ಇಲ್ಲ ಎಂದೇ ಲೆಕ್ಕ.

ಊರಿನಲ್ಲಿ ಕೆಲವರು "ನಮಗೆ ಅಲ್ಲಿ ಜನ ಇದ್ದಾರೆ, ಎರಡು ದಿನದಲ್ಲಿ ತರಿಸುತ್ತೇವೆ" ಎಂದು ದೊಡ್ಡ ಮೊತ್ತ ಕೇಳುತ್ತಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಕಾಗದ ನಕಲಿ ಎಂದು ಗೊತ್ತಾದರೆ ಕೆನಡಾ 5 ವರ್ಷ ಬಾಗಿಲು ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ಅದು 10 ವರ್ಷ. ಇಲ್ಲದ ಕಾಗದವನ್ನು ನಾಳೆ ತರಬಹುದು, ಸುಳ್ಳು ಕಾಗದ ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳಲು ಆಗುವುದಿಲ್ಲ.

ಹಂತ 6: ಎಷ್ಟು ಮಾಡಿದರೂ ಸಿಗದಿದ್ದರೆ

ಪ್ರಯತ್ನ ಪಟ್ಟೂ ಸಿಗದವರು ಕಾರಣ ಪತ್ರ ಬರೆಯಬಹುದು. ಅರ್ಜಿಯಲ್ಲಿ ಆ ಜಾಗವನ್ನು ಖಾಲಿ ಬಿಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಒಪ್ಪುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು, ಆದರೆ ಪುರಾವೆ ಇದ್ದ ಪತ್ರಕ್ಕೆ ಬೆಲೆ ಇದೆ.

ಪತ್ರ ಇಂಗ್ಲಿಷಿನಲ್ಲಿ, ಒಂದು ಪುಟ ಮೀರದೆ ಇರಲಿ. ಅದರ ಹುರುಳು ಹೀಗಿರಲಿ: "ನಾನು ಈ ದಿನದಿಂದ ಈ ದಿನದವರೆಗೆ ಈ ದೇಶದಲ್ಲಿ ಕೆಲಸ ಮಾಡಿದ್ದೇನೆ. ಈ ದಿನ ಈ ಕಚೇರಿಗೆ ಅರ್ಜಿ ಹಾಕಿದೆ, ರಸೀದಿ ಲಗತ್ತಿಸಿದೆ. ಈ ದಿನ ಮತ್ತು ಈ ದಿನ ಇಮೇಲ್ ಮೂಲಕ ವಿಚಾರಿಸಿದೆ, ಪ್ರತಿಗಳು ಇಲ್ಲಿವೆ. ಉತ್ತರ ಇನ್ನೂ ಬಂದಿಲ್ಲ. ಬಂದ ಕೂಡಲೇ ಸಲ್ಲಿಸುತ್ತೇನೆ." ಕಷ್ಟಗಳ ಕಥೆ ಬೇಡ. ತಾರೀಖು, ರಸೀದಿ, ಇಮೇಲ್ ಪ್ರತಿ ಇಷ್ಟೇ ಸಾಕು. ಬಾಯಲ್ಲಿ ಕೇಳಿದ್ದಕ್ಕೆ ಪುರಾವೆ ಇರುವುದಿಲ್ಲ, ಹಾಗಾಗಿ ಮೊದಲಿನಿಂದಲೂ ಬರಹದಲ್ಲೇ ಕೇಳಿ.

ಹಂತ 7: ಅಪೀಲೋ, ಹೊಸ ಅರ್ಜಿಯೋ

ಈಗ ಮೊದಲ ಪ್ರಶ್ನೆಗೆ ಬರೋಣ.

ಬ್ರಿಟನ್ನಿನ ಕೆಲಸದ ವೀಸಾಕ್ಕೆ ಹೊರಗಿನಿಂದ ಅರ್ಜಿ ಹಾಕಿದವರಿಗೆ ಆಡಳಿತಾತ್ಮಕ ಮರುಪರಿಶೀಲನೆ ಎಂಬ ದಾರಿ ಇದೆ. 28 ದಿನದೊಳಗೆ ಹಾಕಬೇಕು, ಶುಲ್ಕ 80 ಪೌಂಡ್. ಆದರೆ ಅಲ್ಲಿ ನೋಡುವುದು ಅಧಿಕಾರಿ ತಪ್ಪು ಮಾಡಿದರೇ ಎಂಬುದನ್ನು. ಸಾಮಾನ್ಯವಾಗಿ ಹೊಸ ಕಾಗದ ತೆಗೆದುಕೊಳ್ಳುವುದಿಲ್ಲ. ನೀವು ಪಿಸಿಸಿ ಹಾಕಿದ್ದು ಅವರು ನೋಡದಿದ್ದರೆ ಖಂಡಿತ ಹಾಕಿ. ಹಾಕಿಯೇ ಇರಲಿಲ್ಲ ಎಂದಾದರೆ ಆ 80 ಪೌಂಡನ್ನು ಹೊಸ ಅರ್ಜಿಗೆ ಉಳಿಸಿಕೊಳ್ಳಿ. ಹೊಸ ಅರ್ಜಿಗೆ ಕೆಲಸ ಕೊಟ್ಟವರ ಸ್ಪಾನ್ಸರ್‌ಶಿಪ್ ಪತ್ರ ಮತ್ತೆ ಬೇಕಾಗುವುದರಿಂದ ಅವರ ಎಚ್‌ಆರ್ ಜೊತೆ ಕೂಡಲೇ ಮಾತಾಡಿ.

ಕೆನಡಾದಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಥರದ ಅರ್ಜಿಗಳಿಗೆ ಅಪೀಲು ಮಂಡಳಿಯ ದಾರಿ ಇಲ್ಲ. ಅಧಿಕಾರಿಯ ತಪ್ಪು ಸ್ಪಷ್ಟವಾಗಿದ್ದರೆ ವೆಬ್ ಫಾರ್ಮ್ ಮೂಲಕ ಮತ್ತೊಮ್ಮೆ ನೋಡಿ ಎಂದು ಕೇಳಬಹುದು. ಅದಕ್ಕೂ ಮೇಲೆ ಫೆಡರಲ್ ಕೋರ್ಟ್ ಇದೆ. ಕೆನಡಾದ ಹೊರಗೆ ಆದ ತೀರ್ಮಾನಕ್ಕೆ 60 ದಿನ, ಒಳಗೆ ಆದದ್ದಕ್ಕೆ 15 ದಿನ. ವೆಬ್ ಫಾರ್ಮಿಗೆ ಉತ್ತರ ಬರಲಿ ಎಂದು ಕಾಯುತ್ತಾ ಕುಳಿತರೆ ಕೋರ್ಟಿನ ಗಡುವು ನಿಲ್ಲುವುದಿಲ್ಲ, ಅದು ಓಡುತ್ತಲೇ ಇರುತ್ತದೆ. ಕೋರ್ಟಿಗೆ ವಕೀಲರು ಬೇಕು, ಖರ್ಚು ದೊಡ್ಡದು. ಪಿಸಿಸಿ ಬಿಟ್ಟುಹೋದದ್ದಕ್ಕೆ ಕೋರ್ಟಿನ ದಾರಿ ಬೇಡ ಎಂದೇ ನಾನು ಹೇಳುವೆ.

ಆಸ್ಟ್ರೇಲಿಯಾದಲ್ಲಿ ಮರುವಿಚಾರಣೆ ಮಾಡುವುದು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್. 2024ರ ಅಕ್ಟೋಬರ್ 14ರಂದು ಇದು ಎಎಟಿ ಎಂಬ ಹಳೆಯ ಟ್ರಿಬ್ಯೂನಲ್ಲಿನ ಜಾಗಕ್ಕೆ ಬಂತು. ಹೊರಗಿನಿಂದ ಅರ್ಜಿ ಹಾಕಿದ ಎಲ್ಲರಿಗೂ ಅಲ್ಲಿ ಹಕ್ಕಿಲ್ಲ. ಅಲ್ಲಿರುವ ಸಂಬಂಧಿಕರು ಸ್ಪಾನ್ಸರ್ ಮಾಡಿದ ಕೆಲವು ವೀಸಾಗಳಲ್ಲಿ ಅವರು ಹಾಕಬಹುದು. ನಿಮಗೆ ಹಕ್ಕಿದೆಯೋ, ಎಷ್ಟು ದಿನ ಎಂದು ನಿಮ್ಮ ಪತ್ರದಲ್ಲೇ ಇರುತ್ತದೆ. ಒಂದು ದಿನ ತಡವಾದರೂ ಟ್ರಿಬ್ಯೂನಲ್ ತೆಗೆದುಕೊಳ್ಳುವುದಿಲ್ಲ.

ಸಲಹೆಗೆ ಯಾರಿಗಾದರೂ ಹಣ ಕೊಡುವ ಮೊದಲು ಅವರಿಗೆ ಪರವಾನಗಿ ಇದೆಯೇ ಎಂದು ನೀವೇ ಹುಡುಕಿ ನೋಡಿ. ಪರವಾನಗಿ ಕೊಡುವ ಸಂಸ್ಥೆಗಳು ಇವು: ಕೆನಡಾಕ್ಕೆ ಸಿಐಸಿಸಿ, ಆಸ್ಟ್ರೇಲಿಯಾಕ್ಕೆ ಮಾರಾ, ಬ್ರಿಟನ್ನಿಗೆ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ. ಮೂರರ ಪಟ್ಟಿಯೂ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಬಸ್‌ಸ್ಟ್ಯಾಂಡಿನ ಪಕ್ಕ ದೊಡ್ಡ ಬೋರ್ಡು ಹಾಕಿದ್ದಾರೆ ಎಂಬುದು ಪರವಾನಗಿ ಅಲ್ಲ.

ಹಂತ 8: ಹೊಸ ಅರ್ಜಿ ಹಾಕುವಾಗ

ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿಗೇ. ಎಲ್ಲ ದೇಶದ ಪಿಸಿಸಿ, ಸಿಗದೇ ಹೋದದ್ದಕ್ಕೆ 6ನೇ ಹಂತದ ಕಾರಣ ಪತ್ರ, ಕೈಗೆ ಬರುವವರೆಗೆ ಅರ್ಜಿ ಕಳಿಸಬೇಡಿ. ಗಲ್ಫಿನದ್ದು ನಿಧಾನ ಆಗುವುದರಿಂದ ಅದನ್ನು ಮೊದಲು ಶುರು ಮಾಡಿ, ಭಾರತದ್ದನ್ನು ಆಮೇಲೆ ತೆಗೆಯಿರಿ. ಹಾಗೆ ಮಾಡಿದರೆ ಎರಡರ ತಾರೀಖೂ ಹೊಂದುತ್ತದೆ. ಸ್ಕ್ಯಾನ್ ಮಾಡುವಾಗ ಹಿಂದಿನ ಪುಟವನ್ನೂ ಮಾಡಿ, ಮುದ್ರೆ ಅಲ್ಲೂ ಇರಬಹುದು. ಫೋನಿನಲ್ಲಿ ತೆಗೆದ ಫೋಟೋದಲ್ಲಿ ಬೆಳಕು ಬಿದ್ದು ಅಕ್ಷರ ಕಾಣದಿದ್ದರೆ ಅದನ್ನೂ ಇಲ್ಲ ಎಂದೇ ಎಣಿಸುತ್ತಾರೆ.

ಈ ಹಿಂದೆ ವೀಸಾ ನಿರಾಕರಣೆ ಆಗಿದೆಯೇ ಎಂಬ ಪ್ರಶ್ನೆ ಅರ್ಜಿಯಲ್ಲಿ ಬರುತ್ತದೆ. ಹೌದು ಎಂದೇ ಬರೆಯಿರಿ. ಬೇರೆ ದೇಶಕ್ಕೆ ಹಾಕುವಾಗಲೂ ಹೌದು ಎಂದೇ ಬರೆಯಿರಿ. ಪೊಲೀಸ್ ಕಾಗದ ಕೊಡದೆ ಆದ ತಿರಸ್ಕಾರ ದೊಡ್ಡ ಕಳಂಕ ಏನಲ್ಲ. ಅದನ್ನು ಬಚ್ಚಿಟ್ಟರೆ ಮಾತ್ರ ಸುಳ್ಳು ಹೇಳಿದಂತೆ ಆಗುತ್ತದೆ. ಹಳೆಯ ಪತ್ರದ ಪ್ರತಿ ಇಟ್ಟು ಎರಡು ಸಾಲು ಬರೆಯಿರಿ: ಆಗ ಈ ದೇಶದ ಪಿಸಿಸಿ ಇರಲಿಲ್ಲ, ಈಗ ಲಗತ್ತಿಸಿದ್ದೇನೆ, ಪುಟ ಸಂಖ್ಯೆ ಇಷ್ಟು.